ಹಲ್ಲಿಗೆ ನೆಲ ಹಾಸಿದವರು

ಮರಳನ್ನು ನಾಲಿಗೆಯ ಮೇಲಿಟ್ಟು ನೋಡುವ ಹೆಂಗಸನ್ನು ನಾನು ಮೊದಲ ಸಲ ಕಂಡದ್ದು ಮಡಿಕೇರಿಯಲ್ಲಿ. ಅವರ ಹಲ್ಲಿಗಳ ಪೆಟ್ಟಿಗೆಗೆ ಹಾಸಲೆಂದು ಆ ಮರಳು ತಂದುಕೊಟ್ಟವಳೂ ನಾನೇ. ಶಿರಂಗಾಲದ ನಮ್ಮ ಗದ್ದೆಯ ಕೆಳಗೆ ಹರಿಯುವ ಕಾವೇರಿಯ ಮರಳು. ಮೂರು ಸಲ ತೊಳೆದು, ಬಿಸಿಲಿಗೆ ಹರವಿ, ಅಪ್ಪನ ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಅವರು ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿದರು, ನಾಲಿಗೆಗೆ ಹಾಕಿಕೊಂಡು ಹಲ್ಲಿನಲ್ಲಿ ಕಡಿದು ನೋಡಿದರು, ಆಮೇಲೆ ಕಿಟಕಿಯಾಚೆ ಉಗಿದರು.

"ಒಳ್ಳೆ ಮರಳು," ಎಂದರು. ನಾನು ಉಬ್ಬಿದೆ.

"ಮನೆ ಕಟ್ಟಲಿಕ್ಕೆ," ಎಂದು ಸೇರಿಸಿ, ಅಷ್ಟನ್ನೂ ಲ್ಯಾಬೊರೇಟರಿಯ ಮೂಲೆಯಲ್ಲಿ ತೂಗುಹಾಕಿದ್ದ, ಬೆಂಕಿ ಆರಿಸುವ ಮರಳಿನ ಬಕೆಟ್ಟಿಗೆ ಸುರಿದುಬಿಟ್ಟರು. ಪಂಚೆಯನ್ನು ಮಾತ್ರ ಚೆನ್ನಾಗಿ ಕೊಡವಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು. ಅವಮಾನ ಮಾಡುವಾಗಲೂ ಅವರದು ಅಚ್ಚುಕಟ್ಟು.

ಅವರು ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಹೆಸರು ಹಾಕಿ ಹೊಗಳಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಬದುಕಿದ್ದಾಗ ಅವರನ್ನು ಕೇಳದೆ ಮಾಡಿದ ಒಂದು ಕೆಲಸಕ್ಕೆ ಬೇಕಾದಷ್ಟು ಅನುಭವಿಸಿದ್ದೇನೆ, ಸತ್ತ ಮೇಲೆ ಇನ್ನೊಂದು ಮಾಡುವ ಧೈರ್ಯ ನನಗಿಲ್ಲ. ಶಾಲೆಯ ಹುಡುಗಿಯರು ಅವರನ್ನು 'ಹಲ್ಲಿ ಟೀಚರ್' ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಅದರಲ್ಲಿ ತಪ್ಪೇನೂ ಅವರಿಗೆ ಕಾಣುತ್ತಿರಲಿಲ್ಲ. ನಾನು ಅಕ್ಕ ಎನ್ನುತ್ತಿದ್ದೆ. ಈಗಲೂ ಹಾಗೇ ಅನ್ನುತ್ತೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತಷ್ಟೆ. ನಾನು ಹುಡುಗಿಯರ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದೆ, ಅದೂ ಟೆಂಪರರಿ. ಅಕ್ಕ ಅಲ್ಲಿ ಆಗಲೇ ಏಳೆಂಟು ವರ್ಷದಿಂದ ಸೈನ್ಸ್ ಹೇಳಿಕೊಡುತ್ತಿದ್ದರು. ಗಾಳಿಬೀಡಿನ ಕಡೆಯವರು. ಮನೆಯಲ್ಲಿ ಆ ಕಡೆಯ ಅರೆಭಾಷೆ, ಕ್ಲಾಸಿನಲ್ಲಿ ಕನ್ನಡ, ಬೋರ್ಡಿನ ಮೇಲೆ ಇಂಗ್ಲಿಷು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ನೋಡಲಿಕ್ಕೆ ಬಂದಿದ್ರು. ನನ್ನ ಜೇಬು ನೋಡಿ ವಾಪಸ್ಸು ಹೋದ್ರು," ಎನ್ನುತ್ತಿದ್ದರು.

ಜೇಬಿನ ಮಾತು ಸುಳ್ಳಲ್ಲ. ಅವರು ಸೀರೆಯ ಮೇಲೆ ಅಣ್ಣನ ಹಳೆಯ ಉಣ್ಣೆಯ ಕೋಟು ಹಾಕುತ್ತಿದ್ದರು. ಅದರ ಎರಡು ಜೇಬಿನಲ್ಲೂ ಬೆಂಕಿಪೆಟ್ಟಿಗೆಗಳು. ನಾನು ಸೇರಿದ ವಾರವೇ, ಸ್ಟಾಫ್ ರೂಮಿನಲ್ಲಿ ಸ್ಟೋವ್ ಹಚ್ಚಲು ಕಡ್ಡಿ ಬೇಕೆಂದು ಕೇಳಿ, ಅವರ ಜೇಬಿಗೆ ನಾನೇ ಕೈ ಹಾಕಿ ಒಂದು ಪೆಟ್ಟಿಗೆ ತೆಗೆದು ಎಳೆದೆ. ಆರು ಜಿರಲೆ ಮರಿಗಳು ನನ್ನ ಮುಂಗೈ ಮೇಲೆ ಹತ್ತಿದವು. ನಾನು ಕಿರುಚಿದ್ದು ಕೋಟೆಯವರೆಗೆ ಕೇಳಿಸಿತಂತೆ. ಅವರು ನನ್ನ ಕಡೆ ನೋಡಲೇ ಇಲ್ಲ, ಮಂಡಿಯೂರಿ ಮರಿಗಳನ್ನು ಹಿಡಿಯುತ್ತಾ, "ಐದು ಸಿಕ್ತು. ಇನ್ನೊಂದು ನಿನ್ನ ಸೆರಗಲ್ಲಿ ಉಂಟು, ಅಲ್ಲಾಡಬೇಡ ಮಾರಾಯ್ತಿ," ಎಂದರು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಹಲ್ಲಿಗಳಿದ್ದದ್ದು ಲ್ಯಾಬೊರೇಟರಿಯ ಕಿಟಕಿ ಪಕ್ಕ, ಕಿಟಕಿಗಾಜು ಜೋಡಿಸಿ ಬಡಗಿಯ ಹತ್ತಿರ ಮಾಡಿಸಿದ ಎರಡು ಪೆಟ್ಟಿಗೆಗಳಲ್ಲಿ. ನಮ್ಮ ಮನೆಯ ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿಯಲ್ಲ. ಇದು ಕಾಡಿನ ತರಗೆಲೆಯ ಅಡಿಯಲ್ಲಿ ಬದುಕುವ ಜಾತಿ, ಅಕ್ಕ ನೆಲಹಲ್ಲಿ ಎನ್ನುತ್ತಿದ್ದರು. ಕಂದು ಮೈ, ಅದರ ಮೇಲೆ ಕಪ್ಪು ಚುಕ್ಕೆ, ಮುಟ್ಟಿದರೆ ಮೆತ್ತಗೆ. ಗೋಡೆ ಹತ್ತಲು ಬಾರದು. ಅದಕ್ಕೆ ನೆಲವೇ ಎಲ್ಲ, ಅಲ್ಲೇ ನಡೆಯಬೇಕು, ಅಲ್ಲೇ ತಿನ್ನಬೇಕು, ಅಲ್ಲೇ ಮೊಟ್ಟೆ ಇಡಬೇಕು.

"ನೋಡಲಿಕ್ಕೆ ಬಂದವರೆಲ್ಲ ಇದು ಏನು ತಿನ್ನುತ್ತೆ ಅಂತ ಕೇಳ್ತಾರೆ," ಎಂದು ಅಕ್ಕ ಹೇಳುತ್ತಿದ್ದರು. "ಯಾವುದರ ಮೇಲೆ ನಿಂತು ತಿನ್ನುತ್ತೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಲಿಲ್ಲ."

ಅವರ ವಾದ ಸರಳ. ಹಲ್ಲಿ ತಟ್ಟೆಯಲ್ಲಿ ಉಣ್ಣುವುದಿಲ್ಲ. ಹುಳದ ಮೇಲೆ ಎರಗಿ ಬಾಯಿ ತುಂಬ ಕಚ್ಚುತ್ತದೆ, ಹುಳಕ್ಕೆ ಅಂಟಿಕೊಂಡದ್ದೂ ಬಾಯಿಯ ಅಡಿಗೆ ಸಿಕ್ಕಿದ್ದೂ ಒಟ್ಟಿಗೇ ಹೊಟ್ಟೆಗೆ ಹೋಗುತ್ತದೆ. ಕಾಡಿನಲ್ಲಾದರೆ ಅದಕ್ಕೆ ಬೇರೆ ಜಾಗವಿದೆ, ಇಲ್ಲಿ ನಾವು ಹಾಸಿದ್ದೇ ಗತಿ. ಮರಳು ತಿಂದರೆ ಹೊಟ್ಟೆಯಲ್ಲಿ ಗಟ್ಟಿಯಾಗುತ್ತದೆ. ಮರದ ಹೊಟ್ಟಿನ ಧೂಳು ಕಣ್ಣಿಗೆ ಕೂರುತ್ತದೆ, ಈ ಹಲ್ಲಿಗೆ ಮುಚ್ಚಲು ರೆಪ್ಪೆಯೂ ಇಲ್ಲ. ತೋಟದಿಂದ ತಂದ ಮಣ್ಣಿನಲ್ಲಿ ಇರುವೆ, ಉಣ್ಣಿಹುಳ, ಜೊತೆಗೆ ಯಾವ ಎಸ್ಟೇಟಿನವರು ಏನು ಮದ್ದು ಹೊಡೆದಿದ್ದಾರೋ ದೇವರಿಗೇ ಗೊತ್ತು. ಅವರು ಯಾವುದನ್ನಾದರೂ ಹಾಸುವ ಮೊದಲು ಅದರ ಮೇಲೊಂದು ಜಿರಲೆ ಮರಿಯನ್ನು ಓಡಾಡಲು ಬಿಟ್ಟು, ಚಿಮಟದಲ್ಲಿ ಎತ್ತಿ, ಬಿಳಿ ಕಾಗದದ ಮೇಲೆ ಕೊಡವುತ್ತಿದ್ದರು. ಕಾಗದದ ಮೇಲೆ ಒಂದು ಕಣ ಉದುರಿದರೂ ಆ ನೆಲ ನಪಾಸು.

ಅವರ ಪರೀಕ್ಷೆಯಲ್ಲಿ ಪಾಸಾದದ್ದು ಬಹಳ ಕಡಿಮೆ. ಕೊನೆಗೆ ನಿಂತದ್ದು ಒಡೆದ ಹಂಚಿನ ಚೂರುಗಳು, ಅಂಚನ್ನು ಕಲ್ಲಿಗೆ ತೇಯ್ದು ನುಣುಪು ಮಾಡಿದ್ದು, ಅದರ ಮೇಲೆ ಹಳೆಯ ಪೇಪರು. ಮೊಟ್ಟೆಗೆಂದು ಒಂದು ಮೂಲೆಯಲ್ಲಿ ಬಿಸ್ಕತ್ತಿನ ಟಿನ್ನು, ಅದರ ತುಂಬ ಒದ್ದೆ ಮಣ್ಣು. ಆ ಮಣ್ಣನ್ನು ಮೊದಲು ಹುರಿಯಬೇಕು. ಹುರಿಯುವುದು ಎಂದರೆ ನಿಜವಾಗಿ ಹುರಿಯುವುದೇ.

ನಾವಿಬ್ಬರೂ ಬಾಡಿಗೆಗಿದ್ದದ್ದು ಒಬ್ಬ ಕೊಡವ ವಿಧವೆಯ ಮನೆಯಲ್ಲಿ. ಅವರನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು. ಹಿತ್ತಲಿನಲ್ಲಿ ಕೈಯಿಂದ ತಿರುಗಿಸುವ ಕಾಫಿ ಹುರಿಯುವ ಡ್ರಮ್ಮು. ಭಾನುವಾರ ಅವ್ವ ಚರ್ಚಿನ ಪಕ್ಕದ ತಂಗಿಯ ಮನೆಗೆ ಹೋದ ಹೊತ್ತು ನೋಡಿ ಅಕ್ಕ ಅದರಲ್ಲಿ ಮಣ್ಣು ಹಾಕಿ ತಿರುಗಿಸುತ್ತಿದ್ದರು. ಒಂದು ಸಲ ಪಕ್ಕದ ಮನೆಯ ಯಜಮಾನರು ಬೇಲಿಯಾಚೆ ನಿಂತು, "ಯಾವ ತೋಟದ್ದು ಟೀಚರೇ, ವಾಸನೆ ಬೇರೆ ಥರ ಉಂಟಲ್ಲ?" ಎಂದು ವಿಚಾರಿಸಿದರು.

"ಗಾಳಿಬೀಡಿದು," ಎಂದರು ಅಕ್ಕ, ಕೈ ನಿಲ್ಲಿಸದೆ. "ಹೊಸ ಜಾತಿ."

"ಸ್ವಲ್ಪ ಪುಡಿ ಕೊಡಿ, ನೋಡುವ."

ಅಕ್ಕ ಕೊಡಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಕೊಡುವ ಆಸೆ ಅವರ ಮುಖದ ಮೇಲೆ ಒಂದು ನಿಮಿಷ ಇತ್ತು. ಅವ್ವನಿಗೆ ಆಮೇಲೆ ಗೊತ್ತಾಗಿ, ಡ್ರಮ್ಮಿಗೆ ಬೀಗ ಬಿತ್ತು. ಅಕ್ಕ ರೊಟ್ಟಿ ಹಂಚಿನ ಮೇಲೆ ಹುರಿಯಲು ಶುರು ಮಾಡಿದರು.

ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವುದು ನಮ್ಮಲ್ಲಿ ಎಲ್ಲರ ಮನೆಯ ರೂಢಿ. ಒಂದು ದಿನ ಹೆಡ್ ಮಿಸ್ಟ್ರೆಸ್ ಅವರ ಎಡ ಭುಜದ ಮೇಲೆ ಮಾಡಿನಿಂದ ಒಂದು ಮನೆಹಲ್ಲಿ ಬಿತ್ತು. ಅವರು ಮೈಸೂರಿನವರು, ಬಹಳ ಮಡಿ ಮಾತಿನವರು, ಮುಖ ಬಿಳಿಚಿಕೊಂಡಿತು. ಪಂಚಾಂಗ ಬಂತು, ಪುಟ ತೆರೆಯಿತು, ಎಡ ಭುಜಕ್ಕೆ ಏನು ಎಂದು ನಾಲ್ಕು ತಲೆ ಬಗ್ಗಿದವು. ಅಕ್ಕ ನೆಲದ ಮೇಲೆ ಬಿದ್ದ ಹಲ್ಲಿಯನ್ನು ಅಂಗೈಯಲ್ಲಿಟ್ಟು ಅದರ ಹೊಟ್ಟೆ ನೋಡುತ್ತಿದ್ದರು. "ಅಷ್ಟು ಎತ್ತರದಿಂದ ಬಿದ್ದದ್ದು ಇದು," ಎಂದರು. "ಇದಕ್ಕೆ ಏನು ಫಲ ಅಂತಲೂ ಅದರಲ್ಲಿ ಬರೆದಿದ್ರೆ ಓದಿ."

ಇಂಥವರು ಹೆಡ್ ಮಿಸ್ಟ್ರೆಸ್ಸರಿಗೆ ಪ್ರಿಯರಾಗಿರಲು ಸಾಧ್ಯವಿಲ್ಲ. ಆದರೆ ಅಕ್ಕನ ಕ್ಲಾಸಿನಲ್ಲಿ ಫೇಲಾಗುವವರು ಇರಲಿಲ್ಲ, ಅದರಿಂದ ಅವರನ್ನು ಏನೂ ಮಾಡುವಂತಿರಲಿಲ್ಲ.

ಅಕ್ಕನಿಗೆ ಒಂದೇ ಒಂದು ಆಸೆಯಿತ್ತು. ನೆಲಹಲ್ಲಿ ಪೆಟ್ಟಿಗೆಯೊಳಗೆ ಮೊಟ್ಟೆಯಿಟ್ಟು, ಅದು ಒಡೆದು, ಮರಿ ಬದುಕಬೇಕು. ಮೂರು ವರ್ಷದಿಂದ ಆಗಿರಲಿಲ್ಲ. ಒಂದೋ ಹಲ್ಲಿ ಸಾಯುತ್ತಿತ್ತು, ಇಲ್ಲ ಮೊಟ್ಟೆ ಒಣಗುತ್ತಿತ್ತು, ಇಲ್ಲ ಬೂಷ್ಟು ಹಿಡಿಯುತ್ತಿತ್ತು. ಆ ವರ್ಷ ಮಳೆ ನಿಂತ ಮೇಲೆ ಹೆಣ್ಣು ಹಲ್ಲಿಯ ಹೊಟ್ಟೆಯಡಿ, ತೊಗಲಿನ ಮೂಲಕ, ಎರಡು ಬಿಳಿಯ ಉಂಡೆಗಳು ಕಂಡವು. ಅಕ್ಕ ನನ್ನನ್ನು ಕರೆದು ತೋರಿಸಿದರು. ಇದ್ದ ಎರಡನ್ನೇ ಬೆರಳು ಮಡಿಸಿ ನಾಲ್ಕು ಸಲ ಎಣಿಸಿದರು. ಅಂಥ ಗಟ್ಟಿಗಿತ್ತಿ ಹಾಗೆ ಎಣಿಸುವುದು ನೋಡಿ ನನಗೆ ನಗು ಬಂತು. ಆ ನಗುವನ್ನು ಈಗ ವಾಪಸ್ಸು ತೆಗೆದುಕೊಳ್ಳುವಂತಿದ್ದರೆ ತೆಗೆದುಕೊಳ್ಳುತ್ತಿದ್ದೆ.

ಅದೇ ವಾರ ಗಾಳಿಬೀಡಿನಿಂದ ಆಳು ಬಂದ. ಅಕ್ಕನ ತಾಯಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದರು, ಮನೆಯಲ್ಲಿ ನೋಡಿಕೊಳ್ಳುವವರು ಇರಲಿಲ್ಲ. ಅಕ್ಕ ರಜೆ ಬರೆದುಕೊಟ್ಟು, ಲ್ಯಾಬೊರೇಟರಿಯ ಬೀಗದಕೈಯನ್ನು ನನ್ನ ಕೈಗೆ ಹಾಕಿದರು.

"ಬೆಳಿಗ್ಗೆ ಟಿನ್ನಿನ ಮಣ್ಣಿಗೆ ನೀರು ಚಿಮುಕಿಸು. ಸಾಯಂಕಾಲ ಎರಡು ಹುಳ. ಮತ್ತೆ ಎಂತದ್ದೂ ಬೇಡ. ನೆಲ ಮಾತ್ರ ಮುಟ್ಟಬೇಡ."

"ಆಯ್ತು ಅಕ್ಕ," ಎಂದೆ. ಹಾಗೆಂದದ್ದು ಮನಸ್ಸಿನಿಂದಲೇ.

ಮೂರನೆಯ ದಿನ ಹೆಡ್ ಮಿಸ್ಟ್ರೆಸ್ ಕರೆದರು. ಇನ್‌ಸ್ಪೆಕ್ಟರು ಬರುತ್ತಾರೆ, ಹೊಸ ರಾಜ್ಯವಾದ ಮೇಲೆ ಮೊದಲ ಸಲ, ಮೈಸೂರಿನಿಂದ. ಶಾಲೆಯೆಲ್ಲ ಸುಣ್ಣ ಹೊಡೆಯುವ ಗಡಿಬಿಡಿ. ಅವರು ನನ್ನನ್ನು ಲ್ಯಾಬೊರೇಟರಿಗೆ ಕರೆದುಕೊಂಡು ಹೋಗಿ ಹೆಣ್ಣು ಹಲ್ಲಿಯ ಪೆಟ್ಟಿಗೆಯ ಮುಂದೆ ನಿಂತರು.

"ಏನ್ರೀ ಇದು? ಹಳೇ ಪೇಪರು, ಒಡೆದ ಹಂಚು. ರೈಲ್ವೆ ಪ್ಲಾಟ್‌ಫಾರಂ ಇದ್ದ ಹಾಗಿದೆಯಲ್ರೀ. ಇನ್‌ಸ್ಪೆಕ್ಟರಿಗೆ ಇದನ್ನ ತೋರಿಸ್ತೀರಾ? ಸ್ವಲ್ಪ ಅಂದವಾಗಿ ಏನಾದ್ರೂ ಹಾಸಿ. ನಿಮ್ಮ ಕನ್ಫರ್ಮೇಷನ್ ಬಗ್ಗೆನೂ ಅವರತ್ರ ಮಾತಾಡ್ಬೇಕು ಅಂತಿದೀನಿ."

ಅವರನ್ನು ದೂರಲಾರೆ. ಹೆಡ್ ಮಿಸ್ಟ್ರೆಸ್ ಹೇಳಿದ್ದು ನಿಜ, ಕೆಲಸ ಖಾಯಂ ಆಗಬೇಕೆಂಬ ಆಸೆಯೂ ನಿಜ. ಆದರೆ ಅದಕ್ಕಿಂತ ದೊಡ್ಡ ನಿಜ ಇನ್ನೊಂದಿತ್ತು. ನನ್ನೂರಿನ ಮರಳನ್ನು ಬೆಂಕಿ ಬಕೆಟ್ಟಿಗೆ ಸುರಿದದ್ದನ್ನು ನಾನು ಇನ್ನೂ ಕ್ಷಮಿಸಿರಲಿಲ್ಲ. ಈ ಹೆಂಗಸಿಗೆ ಒಬ್ಬಳಿಗೇ ಎಲ್ಲ ಗೊತ್ತೋ, ನಾನೂ ಒಂದು ನೆಲ ಹಾಸಿ ತೋರಿಸುತ್ತೇನೆ ಎಂಬ ಜಂಬ.

ಆ ಸಂಜೆ ಅವ್ವ ಮನೆ ಖರ್ಚಿಗೆಂದು ಒರಳಿನಲ್ಲಿ ಕಾಫಿ ಕುಟ್ಟುತ್ತಿದ್ದರು. ತೊಳೆದು ಒಣಗಿಸಿದ ಕಾಫಿ ಬೀಜದ ಮೇಲೆ ಒಂದು ತೆಳ್ಳನೆಯ ಗರಿಗರಿ ಸಿಪ್ಪೆ ಇರುತ್ತದೆ, ಬೀಜಕ್ಕೆ ಆಗ ಪಾರ್ಚ್‌ಮೆಂಟ್ ಎನ್ನುತ್ತಾರೆ. ಕುಟ್ಟಿ ಕೇರಿದರೆ ಆ ಸಿಪ್ಪೆ ಹಾರುತ್ತದೆ. ಕಾಫಿ ಇರುವ ಮನೆಯಲ್ಲಿ ಅದನ್ನು ಯಾರೂ ಎಸೆಯುವುದಿಲ್ಲ. ಕೋಳಿಗೂಡಿಗೆ, ಕರುವಿನ ಕೆಳಗೆ, ಮೊಟ್ಟೆ ಕಳುಹಿಸುವ ಬುಟ್ಟಿಗೆ, ಎಲ್ಲದಕ್ಕೂ ಅದನ್ನೇ ಹಾಸುತ್ತಾರೆ. ಮೊರದಾಚೆ ಬಿದ್ದ ರಾಶಿ ಸಂಜೆಯ ಬಿಸಿಲಿಗೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ಒಣಗಿದ್ದು, ಹಗುರ, ವಾಸನೆ ಕೂಡ ಹಿತ. ಕೊಡಗಿನ ಗಡಿಯ ರಾಗಿ ಸೀಮೆಯಿಂದ ಬಂದ ನನಗೆ ಇದೇ ಕೊಡಗಿನ ನೆಲ ಅನ್ನಿಸಿಬಿಟ್ಟಿತು.

"ಅವ್ವ, ಇದು ಹಲ್ಲಿಗೆ ಆಗುತ್ತಾ?" ಎಂದು ಕೇಳಿದೆ.

"ನಮ್ಮ ಕೋಳಿಗೆ ಎಷ್ಟು ವರ್ಷದಿಂದ ಹಾಕ್ತಾ ಇರೋದು? ಒಂದಾದರೂ ಸತ್ತಿತಾ?" ಎಂದರು ಅವ್ವ. "ಕೋಳಿಗೆ ಆದದ್ದು ಹಲ್ಲಿಗೆ ಯಾಕೆ ಆಗಲ್ಲ? ತಕೊಂಡು ಹೋಗು."

ಕೋಳಿ ನೋಡಿ ಕುಕ್ಕುತ್ತದೆ, ಬೇಡದ್ದನ್ನು ಬಿಡುತ್ತದೆ, ತಿಂದರೂ ಅರೆದುಕೊಳ್ಳಲು ಅದರ ಹೊಟ್ಟೆಯಲ್ಲಿ ಕಲ್ಲಿದೆ. ಹಲ್ಲಿಗೆ ಇದಾವುದೂ ಇಲ್ಲ. ಅಷ್ಟು ಯೋಚಿಸಲು ಬುದ್ಧಿ ಬೇಕಿರಲಿಲ್ಲ, ವ್ಯವಧಾನ ಬೇಕಿತ್ತು. ಜಿರಲೆ ಮರಿ ಓಡಾಡಿಸಿ ನೋಡುವ ಪರೀಕ್ಷೆಯನ್ನೂ ನಾನು ಮಾಡಲಿಲ್ಲ. ಮರೆತೆ ಎಂದು ಆಮೇಲೆ ಹೇಳಿಕೊಂಡೆ. ಮರೆತಿರಲಿಲ್ಲ.

ಇನ್‌ಸ್ಪೆಕ್ಟರು ಒಳ್ಳೆಯ ಮನುಷ್ಯ. ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತರು. ಚಿನ್ನದ ಹಾಸಿನ ಮೇಲೆ ಚುಕ್ಕೆಯ ಹಲ್ಲಿ. ಅವರಿಗೆ ಖುಷಿಯಾಗಲೆಂದು ನಾನು ಒಂದು ಮಿಡತೆ ಬಿಟ್ಟೆ. ಹಲ್ಲಿ ಸೊಂಟ ತಗ್ಗಿಸಿತು, ಬಾಲದ ತುದಿ ಅಲ್ಲಾಡಿಸಿತು, ಎರಗಿತು. ಮಿಡತೆಯ ಜೊತೆ ನಾಲ್ಕೈದು ಸಿಪ್ಪೆಯ ಚೂರು ಬಾಯಿಯ ಎರಡೂ ಕಡೆ ಚಾಚಿಕೊಂಡಿದ್ದವು, ನುಂಗುತ್ತಾ ನುಂಗುತ್ತಾ ಒಳಗೆ ಹೋದವು. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಇನ್‌ಸ್ಪೆಕ್ಟರು ವಿಸಿಟರ್ಸ್ ಬುಕ್ಕಿನಲ್ಲಿ, ಪ್ರಾಣಿಗಳನ್ನು ಸ್ಥಳೀಯ ವಸ್ತುವಿನ ಹಾಸಿನ ಮೇಲೆ ಬಹಳ ಅಂದವಾಗಿ ಇಟ್ಟಿದ್ದಾರೆ, ಬೇರೆ ಶಾಲೆಗಳೂ ಇದನ್ನು ನೋಡಿ ಕಲಿಯಬಹುದು ಎಂದು ಬರೆದರು. ಹೆಡ್ ಮಿಸ್ಟ್ರೆಸ್ ಆ ಪುಟವನ್ನು ಎಲ್ಲರಿಗೂ ಓದಿ ಹೇಳಿದರು.

ಎರಡು ದಿನ ಕಳೆದು ಹಲ್ಲಿ ಹುಳವನ್ನು ತಿನ್ನಲಿಲ್ಲ. ಹೊಟ್ಟೆ ತುಂಬಿರಬೇಕು ಎಂದುಕೊಂಡೆ. ಮೂರನೆಯ ದಿನ ಹಿಂಗಾಲು ಎಳೆಯುತ್ತಿತ್ತು. ಆಗ ನನಗೆ ಭಯ ಹತ್ತಿತು. ಸಿಪ್ಪೆಯನ್ನೆಲ್ಲ ಬಾಚಿ ತೆಗೆದು ಪೇಪರು ಹಾಸಿದೆ. ಕಳ್ಳಿ ಹೇಗೆ ಗುರುತು ಅಳಿಸುತ್ತಾಳೋ ಹಾಗೆ ಅಳಿಸಿದೆ. ಆದರೆ ಟಿನ್ನಿನ ಒದ್ದೆ ಮಣ್ಣಿಗೆ ಅಂಟಿದ್ದ ಚೂರುಗಳನ್ನು ಪೂರ್ತಿ ತೆಗೆಯಲು ಆಗಲಿಲ್ಲ.

ಅಕ್ಕ ಬಂದದ್ದು ಒಂಬತ್ತನೆಯ ದಿನ. ಊರಿನಿಂದ ನೇರ ಲ್ಯಾಬೊರೇಟರಿಗೆ, ಕಾಲಿನ ಕೆಸರೂ ತೊಳೆಯದೆ. ಪೆಟ್ಟಿಗೆಯ ಮೇಲೆ ಬಗ್ಗಿದರು.

"ಎಂಥ ಆತ್ ಇದಕ್ಕೆ?" ಎಂದರು. ನನ್ನ ಹತ್ತಿರ ಅರೆಭಾಷೆ ಆಡಿದ್ದು ಅದೇ ಮೊದಲು. ಆಮೇಲೆ ಟಿನ್ನಿನಿಂದ ಒಂದು ಹೊಳೆಯುವ ಚೂರನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ನೆಲ ಯಾರು ಬದಲಾಯಿಸಿದ್ದು?"

"ನಾನು ಅಕ್ಕ."

"ಎಷ್ಟು ದಿನ ಆಯ್ತು?"

"ಆರು."

"ಹಿಕ್ಕೆ ಹಾಕಿದೆಯಾ?"

"ನೋಡಿಲ್ಲ."

"ನೋಡಿಲ್ಲ ಅಂದ್ರೆ ಅದು ಹಾಕಿಲ್ಲ ಅಂತಲಾ, ನೀನು ನೋಡಿಲ್ಲ ಅಂತಲಾ?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಕೋಟು ತೆಗೆದು ಕುರ್ಚಿಗೆ ಹಾಕಿ, ತೋಳು ಮಡಿಸಿ, "ಬಿಸಿನೀರು ತಾ. ಕೈ ಇಟ್ಟರೆ ಸುಡಬಾರದು," ಎಂದರು.

ಮೂರು ದಿನ ನಾವಿಬ್ಬರೂ ಆ ಹಲ್ಲಿಯ ಬಾಣಂತನ ಮಾಡಿದೆವು. ಪೀರಿಯಡ್ಡು ಮುಗಿದೊಡನೆ ಓಡಿ ಬರುವುದು, ಸಾಸರಿನ ಬೆಚ್ಚಗಿನ ನೀರಿನಲ್ಲಿ ಅದನ್ನು ನಿಲ್ಲಿಸುವುದು, ಕೋಳಿಪುಕ್ಕದ ತುದಿಯಲ್ಲಿ ಒಂದು ತೊಟ್ಟು ಹರಳೆಣ್ಣೆ ಬಾಯಿಗೆ ಮುಟ್ಟಿಸುವುದು. ಅಕ್ಕ ಒದ್ದೆ ಹತ್ತಿಯಿಂದ ಅದರ ಹೊಟ್ಟೆಯನ್ನು ಮೇಲಿನಿಂದ ಕೆಳಗೆ, ಮೇಲಿನಿಂದ ಕೆಳಗೆ ಸವರುತ್ತಿದ್ದರು. ಮೊಟ್ಟೆಯ ಮೇಲೆ ಬೆರಳು ಒತ್ತಬಾರದು, ಸಿಪ್ಪೆ ಕಟ್ಟಿದ ಜಾಗದ ಮೇಲೆ ಒತ್ತಬೇಕು, ಎರಡೂ ಒಂದರ ಪಕ್ಕ ಒಂದು. ಅವರ ಹಣೆಯಲ್ಲಿ ಬೆವರು. ಎರಡನೆಯ ದಿನ ಒಂದಿಷ್ಟು ಸಿಪ್ಪೆ ಹೊರಗೆ ಬಂತು. ನಾನು ದೇವರಿಗೆ ಹರಕೆ ಹೊತ್ತೆ. ಯಾವ ದೇವರಿಗೆ ಎಂದು ನೆನಪಿಲ್ಲ, ಆ ಹೊತ್ತಿಗೆ ಕೈಗೆ ಸಿಕ್ಕಿದ ದೇವರು.

ಮೂರನೆಯ ದಿನ ಮಧ್ಯಾಹ್ನ ಅದು ಹೇಗೋ ಟಿನ್ನಿನೊಳಗೆ ಇಳಿದು, ಅಕ್ಕ ಹೊಸದಾಗಿ ಹುರಿದು ತುಂಬಿದ್ದ ಮಣ್ಣು ಕೆದಕಿ, ಎರಡು ಮೊಟ್ಟೆ ಇಟ್ಟಿತು. ಒಂದು ಒಳಗೇ ಅದುಮಿಹೋಗಿ ಚಪ್ಪಟೆಯಾಗಿತ್ತು. ಇನ್ನೊಂದು ದುಂಡಗೆ, ಬಿಳಿ, ಬಟಾಣಿಗಿಂತ ಸ್ವಲ್ಪ ದೊಡ್ಡದು. ಮಾರನೆಯ ಬೆಳಿಗ್ಗೆ ಹಲ್ಲಿ ಸತ್ತಿತ್ತು.

ಅಕ್ಕ ಅದನ್ನು ಫಿಫ್ತ್ ಫಾರಂ ಕ್ಲಾಸಿನ ಹುಡುಗಿಯರ ಮುಂದೆ ಕೊಯ್ದು ತೋರಿಸಿದರು. ನನ್ನನ್ನೂ ಬರಹೇಳಿದರು. ಕರುಳಿನಲ್ಲಿ ಆ ಹೊಳೆಯುವ ಸಿಪ್ಪೆಗಳು ಒಂದರ ಮೇಲೊಂದು ಮಡಿಸಿ ತುರುಕಿದಂತೆ ಕೂತಿದ್ದವು, ಬಣ್ಣವೂ ಕೆಟ್ಟಿರಲಿಲ್ಲ. "ನೋಡಿ," ಎಂದರು, "ಅಂದವಾದ ನೆಲ." ಅಷ್ಟೇ. ಯಾರ ಹೆಸರೂ ಹೇಳಲಿಲ್ಲ. ಆಮೇಲೆ ಆಫೀಸಿಗೆ ಹೋಗಿ ವಿಸಿಟರ್ಸ್ ಬುಕ್ ತರಿಸಿ, ಇನ್‌ಸ್ಪೆಕ್ಟರ ಮೆಚ್ಚುಗೆಯ ಕೆಳಗೇ ತಮ್ಮ ದಪ್ಪ ಅಕ್ಷರದಲ್ಲಿ ಬರೆದರು: 'ಮೇಲೆ ಹೊಗಳಿದ ಹಾಸನ್ನು ತಿಂದು ಹಲ್ಲಿ ಸತ್ತಿದೆ. ಬೇರೆ ಶಾಲೆಯವರು ದಯವಿಟ್ಟು ಇದನ್ನು ಕಲಿಯಬಾರದು.'

ಹೆಡ್ ಮಿಸ್ಟ್ರೆಸ್ ಕೆಂಡವಾದರು. "ತಲೆ ಕೆಟ್ಟಿದೆಯೇನ್ರೀ ನಿಮಗೆ? ಹೊಸ ಸರ್ಕಾರದಿಂದ ಬಂದಿರೋ ಮೊದಲನೇ ಒಳ್ಳೆ ಮಾತು ಇದು. ಒಂದು ಹಲ್ಲಿಗೋಸ್ಕರ ಅದರ ಮೇಲೆ ಮಸಿ ಬಳಿತೀರಾ?"

"ಅವರು ಒಳ್ಳೆ ಮನಸ್ಸಿಂದ ಬರೆದದ್ದು. ಅದನ್ನ ಓದಿ ಇನ್ನು ನಾಲ್ಕು ಶಾಲೆಯವರು ಇದನ್ನೇ ಹಾಸಿದ್ರೆ? ಅದಕ್ಕೆ ಯಾರು ಹೊಣೆ, ನೀವಾ?"

"ಹಾಗಾದ್ರೆ ಇದನ್ನ ಹಾಸಿದ್ದು ಯಾರು ಅಂತಲೂ ಬರೀರಿ. ಯಾಕೆ ಬಿಟ್ರಿ?"

"ಬೀಗದಕೈ ನಂದು. ಕೊಟ್ಟವಳೂ ನಾನು," ಎಂದರು ಅಕ್ಕ.

ನಾನು ಬಾಗಿಲಿನಲ್ಲಿ ನಿಂತಿದ್ದೆ. ಖಾಯಂ ಆಗುವ ಕೆಲಸ, ಊರಿನಲ್ಲಿ ಆಗಲೇ ಸಿಹಿ ಹಂಚಿದ್ದ ಅಪ್ಪ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಒಳಗೆ ಹೋಗಿ ಅಕ್ಕನ ಕೈಯಿಂದ ಪೆನ್ನು ತೆಗೆದುಕೊಂಡು, 'ಹೇಳಿದ ಮಾತು ಮೀರಿ ಹಾಸಿದವಳು ನಾನು' ಎಂದು ಬರೆದು ಸಹಿ ಹಾಕಿದೆ. ಅದನ್ನು ಧೈರ್ಯ ಎಂದು ಯಾರೂ ತಿಳಿಯಬೇಡಿ. ಆ ಕರುಳು ನೋಡಿದ ಮೇಲೆ ಸುಮ್ಮನಿರುವುದು ಬರೆಯುವುದಕ್ಕಿಂತ ಕಷ್ಟವಾಗಿತ್ತು. ಅಕ್ಕ ನನ್ನ ಸಹಿಯನ್ನು ಓದಿ, "ಅಕ್ಷರ ಚೆನ್ನಾಗಿದೆ," ಎಂದರು. ನನ್ನ ಕನ್ಫರ್ಮೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು.

ಉಳಿದ ಒಂದು ಮೊಟ್ಟೆಗೆ ಐವತ್ತು ಚಿಲ್ಲರೆ ದಿನ ಅಕ್ಕ ಕಾವಲು ಕೂತರು. ಚಳಿಗಾಲದ ಮಡಿಕೇರಿ, ಟಿನ್ನಿನ ಪಕ್ಕ ಬಿಸಿನೀರಿನ ಬಾಟಲಿ, ಅದರ ಮೇಲೆ ಅಣ್ಣನ ಕೋಟು. ಅಕ್ಕ ಶಾಲು ಹೊದ್ದು ನಡುಗುತ್ತಾ ಪಾಠ ಮಾಡಿದರು. ನಾನು ಆ ದಿನಗಳಲ್ಲಿ ಲ್ಯಾಬೊರೇಟರಿಯ ಕಡೆ ತಲೆ ಹಾಕಲಿಲ್ಲ. ಅವರು ಕರೆಯಲೂ ಇಲ್ಲ. ಮನೆಯಲ್ಲಿ ಒಟ್ಟಿಗೆ ಊಟ ಮಾಡುತ್ತಿದ್ದೆವು, ಉಪ್ಪು ಖಾರದ ಮಾತು ಆಡುತ್ತಿದ್ದೆವು, ಅಷ್ಟೇ.

ತೋಟಗಳಲ್ಲಿ ಕಾಫಿ ಕೊಯ್ಲು ಜೋರಾಗಿದ್ದ ಒಂದು ಬೆಳಿಗ್ಗೆ, ಅವರು ರೊಟ್ಟಿ ಮುರಿಯುತ್ತಾ, "ಇವತ್ತೋ ನಾಳೆಯೋ ಒಡೆಯುತ್ತೆ," ಎಂದರು. "ಮರಿಗೆ ಬೇರೆ ಪೆಟ್ಟಿಗೆ ಬೇಕು. ನೆಲ ನೀನು ಹಾಸು."

ನಾನು ಲೋಟ ಕೆಳಗಿಟ್ಟೆ. "ನನ್ನ ಕೈಲಿ ಬೇಡ ಅಕ್ಕ. ತಾಯಿಯನ್ನ ಕೊಂದವಳು ನಾನು."

"ಹೌದು," ಎಂದರು ಅವರು. ಇಲ್ಲ ಎನ್ನುವವರಲ್ಲ. "ನಾನು ಹನ್ನೊಂದು ಕೊಂದಿದ್ದೇನೆ. ಮೊದಲನೆಯದು ಮರಳಲ್ಲಿ. ಕುಶಾಲನಗರದ ಹೊಳೆ ಮರಳು, ನಿನ್ನಷ್ಟೇ ಚೆನ್ನಾಗಿ ತೊಳೆದಿದ್ದೆ. ಮೂರು ಮರದ ಹೊಟ್ಟಲ್ಲಿ. ಎರಡು ಗೊಬ್ಬರದ ಮಣ್ಣಲ್ಲಿ. ಉಳಿದವು ಯಾಕೆ ಸತ್ತವು ಅಂತ ಇವತ್ತಿಗೂ ಗೊತ್ತಿಲ್ಲ. ನನಗೆ ಇದನ್ನೆಲ್ಲ ಯಾರು ಹೇಳಿಕೊಟ್ರು ಅಂದುಕೊಂಡೆ, ಮಾರಾಯ್ತಿ? ಕೊಂದವಳಿಗೆ ಗೊತ್ತಿರುವಷ್ಟು ಭಯ ಬೇರೆ ಯಾರಿಗೂ ಇರಲ್ಲ. ಆ ಭಯ ಇಟ್ಟುಕೊಂಡು ಹಾಸು."

ಅಷ್ಟು ದಿನ ನಾನು ಅವರನ್ನು ಎಲ್ಲ ಗೊತ್ತಿರುವ ಹೆಂಗಸು ಎಂದುಕೊಂಡಿದ್ದೆ. ಅವರ ಗಟ್ಟಿತನವೆಲ್ಲ ಹನ್ನೊಂದು ಹಲ್ಲಿಗಳ ಮೇಲೆ ನಿಂತಿತ್ತು.

ನಾನು ಅವತ್ತು ರಜೆ ಹಾಕಿದೆ. ಹಳೆಯ ಹಂಚೊಂದರ ನಾಲ್ಕು ಚೂರು ಆರಿಸಿ, ಬಟ್ಟೆ ಒಗೆಯುವ ಕಲ್ಲಿಗೆ ತೇಯ್ದೆ. ಅಂಚನ್ನು ಕೆನ್ನೆಗೆ ಉಜ್ಜಿ ನೋಡಿದೆ, ಚುಚ್ಚಿದ್ದನ್ನು ಮತ್ತೆ ತೇಯ್ದೆ. ಕುದಿಯುವ ನೀರಿನಲ್ಲಿ ಹಾಕಿ ತೆಗೆದು ಒಣಗಿಸಿದೆ. ಪೇಪರಿನ ಮಸಿ ಮರಿಯ ಮೈಗೆ ಹತ್ತೀತೆಂದು, ಆಫೀಸಿನಿಂದ ಬ್ಲಾಟಿಂಗ್ ಪೇಪರು ಬೇಡಿ ತಂದು, ಒಂದು ತುದಿ ಮಾತ್ರ ಒದ್ದೆ ಮಾಡಿ ಹಾಸಿದೆ. ಹಂಚಿನ ಸಂದಿನಲ್ಲಿ ಮರಿಯ ಕಾಲು ಸಿಕ್ಕೀತೇ ಎಂದು ಬೆಂಕಿಕಡ್ಡಿ ತೂರಿಸಿ ನೋಡಿದೆ. ಹುಟ್ಟಿ ಎರಡು ದಿನವಾಗಿದ್ದ ಜಿರಲೆ ಮರಿಯನ್ನು, ಒಂದು ಕಾಲಕ್ಕೆ ಕಿರುಚಿದ್ದ ಇದೇ ನಾನು, ಕೈಯಲ್ಲೇ ಹಿಡಿದು ಅದರ ಮೇಲೆಲ್ಲ ಓಡಾಡಿಸಿ, ಎತ್ತಿ, ಬಿಳಿ ಕಾಗದದ ಮೇಲೆ ಕೊಡವಿದೆ. ಏನೂ ಉದುರಲಿಲ್ಲ. ನಂಬಿಕೆಯಾಗದೆ ಮೂರು ಸಲ ಕೊಡವಿದೆ. ಜಿರಲೆಗೇ ಸಾಕಾಗಿಹೋಯಿತು.

ಮಾರನೆಯ ದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅಕ್ಕ ಒಂದು ಪಿಂಗಾಣಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ಒಳಗೆ ಮರಿ. ನನ್ನ ಕಿರುಬೆರಳಿನ ಅರ್ಧ, ಬಾಲ ಸೇರಿಸಿದರೂ ಅಷ್ಟೇ. ಕಣ್ಣು ಮಾತ್ರ ದೊಡ್ಡದು. ಹೊಟ್ಟೆ ಉಸಿರಾಡುತ್ತಿತ್ತು. ಬಟ್ಟಲನ್ನು ನನ್ನ ಅಂಗೈಯ ಮೇಲಿಟ್ಟರು.

"ಬಿಡು," ಎಂದರು. ಹಾಜರಿ ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ಬಾಗಿಲಿನ ಕಡೆ ಹೊರಟರು.

"ಅಕ್ಕ, ನೆಲ ಒಂದು ಸಲ ನೋಡಿ ಹೋಗಿ."

"ಎಂತದ್ದು ನೋಡೋದು? ನೀನು ಹಾಸಿದ್ದಲ್ವಾ," ಎಂದರು. "ಫೋರ್ತ್ ಫಾರಂನವರು ಗಲಾಟೆ ಮಾಡ್ತಿದ್ದಾರೆ." ತಿರುಗಿ ನೋಡದೆ ಹೋದರು. ಅವರ ಚಪ್ಪಲಿಯ ಸದ್ದು ಕಾರಿಡಾರಿನುದ್ದಕ್ಕೂ ಎಲ್ಲೂ ನಿಧಾನವಾಗಲಿಲ್ಲ.

ಮೂರು ವರ್ಷ ಕಾದ ಮರಿ ಅದು. ನಾನು ಬಟ್ಟಲನ್ನು ಮೆಲ್ಲಗೆ ಓರೆ ಮಾಡಿದೆ. ಮರಿ ಅಂಚಿನಲ್ಲಿ ಸ್ವಲ್ಪ ಹೊತ್ತು ಯೋಚಿಸಿ, ಕೆಳಗಿಳಿದು, ಹಂಚಿನ ಮೇಲೆ ನಾಲ್ಕು ಹೆಜ್ಜೆ ನಡೆದು ನಿಂತಿತು. ಆಮೇಲೆ ಕಾಗದದ ಒದ್ದೆ ತುದಿಗೆ ಹೋಗಿ ಒಂದು ಹನಿ ನೆಕ್ಕಿತು. ನನ್ನ ಕ್ಲಾಸಿನವರೂ ಅತ್ತ ಗಲಾಟೆ ಮಾಡುತ್ತಿದ್ದರು. ನಾನು ಕುರ್ಚಿ ಎಳೆದುಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಪೆಟ್ಟಿಗೆಯ ಮುಂದೆ ಕೂತುಬಿಟ್ಟೆ.